ಬೆನ್ನು ಒಪ್ಪಿಸುವ ಮೊದಲು

ಅಡಿಕೆ ತೂಕಕ್ಕೆಂದೋ ಗೊಬ್ಬರಕ್ಕೆಂದೋ ಸಂಘದ ಕಛೇರಿಗೆ ಬರುವ ಸದಸ್ಯರ ಬಾಯಲ್ಲಿ ಈಚೆಗೆ ಒಂದು ಹೊಸ ಶಬ್ದ ಕೇಳಿಬರುತ್ತಿದೆ: ಕೈರೋಪ್ರಾಕ್ಟರ್. ಬೆಂಗಳೂರಿನಲ್ಲಿರುವ ಮಗನೋ ಮಗಳೋ ಮೊಬೈಲಿಗೆ ಒಂದು ವಿಡಿಯೊ ಕಳುಹಿಸಿರುತ್ತಾರೆ. ಮೇಜಿನ ಮೇಲೆ ಮಲಗಿದವನ ಕುತ್ತಿಗೆಯನ್ನು ಒಬ್ಬರು ಹಿಡಿದು ಥಟ್ಟನೆ ತಿರುವುತ್ತಾರೆ, ಲಟಕ್ಕೆಂದು ಸದ್ದಾಗುತ್ತದೆ, ಮಲಗಿದವನು ನಗುತ್ತ ಎದ್ದು ಕೂರುತ್ತಾನೆ. ಹತ್ತು ವರ್ಷದ ನೋವು ಹತ್ತು ನಿಮಿಷದಲ್ಲಿ ಮಾಯ. "ನಾನೂ ಒಮ್ಮೆ ಹೋಗಿ ಬರಲೇ?" ಎಂದು ಕೇಳುವವರು ಹೆಚ್ಚಾಗಿದ್ದಾರೆ. ನಾವು ವೈದ್ಯರಲ್ಲ. ಆದರೆ ನಮ್ಮ ಸದಸ್ಯರ ಬೆನ್ನು ನಮ್ಮ ಸಂಘದ ಬಂಡವಾಳವೇ ಆಗಿರುವುದರಿಂದ ಈ ಬಗ್ಗೆ ನಾಲ್ಕು ಮಾತು ಬರೆಯುವುದು ಅಧಿಕಪ್ರಸಂಗವಾಗಲಾರದೆಂದು ಭಾವಿಸುತ್ತೇವೆ.

ಬೆನ್ನುನೋವು ನಮ್ಮ ಕಸುಬಿನ ಜೊತೆಗೇ ಬಂದದ್ದು. ಕಾಫಿ ಮೂಟೆ ಹೊರುವುದು, ಇಳಿಜಾರಿನಲ್ಲಿ ಬಗ್ಗಿ ಕಳೆ ತೆಗೆಯುವುದು, ಮೈಲುತುತ್ತದ ಡ್ರಮ್ ಎತ್ತಿಳಿಸುವುದು ಹಿಂದಿನಿಂದಲೂ ಇದ್ದದ್ದೇ. ಈಗ ಮರ ಹತ್ತುವವರು ಸಿಗದೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ಅದರಿಂದ ಜೀವಭಯ ಕಡಮೆಯಾಯಿತೆಂಬುದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಕೆಳಗೆ ನಿಂತು, ತಲೆಯನ್ನು ಹಿಂದಕ್ಕೆ ಚೆಲ್ಲಿ, ಗಂಟೆಗಟ್ಟಲೆ ಆಕಾಶ ನೋಡುತ್ತ ಔಷಧಿ ಹೊಡೆದವನ ಕುತ್ತಿಗೆಯ ಪಾಡನ್ನು ಅವನೇ ಬಲ್ಲ. ಮರದ ಮೇಲಿನ ಅಪಾಯ ಕೆಳಗಿಳಿದು ಕುತ್ತಿಗೆಯಲ್ಲಿ ಬಂದು ಕುಳಿತಂತಾಗಿದೆ.

ಇನ್ನೊಬ್ಬರ ಕೈಯಿಂದ ಬೆನ್ನು ಸರಿಪಡಿಸಿಕೊಳ್ಳುವುದು ನಮಗೇನೂ ಹೊಸತಲ್ಲ. ಸೊಂಟ ಹಿಡಿದರೆ ಉಳುಕು ತೆಗೆಯುವವರಲ್ಲಿಗೆ ಹೋಗುವುದು, ಹುಟ್ಟುವಾಗ ಕಾಲು ಮುಂದಾಗಿ ಬಂದವರಿಂದ ಒದೆಸಿಕೊಳ್ಳುವುದು ನಮ್ಮ ಹಳ್ಳಿಗಳಲ್ಲಿ ಇದ್ದೇ ಇದೆ. ಮೂಳೆ ಮುರಿದರೆ ಪುತ್ತೂರು ಕಟ್ಟು. (ಇದು ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ ಪುತ್ತೂರು ಎಂಬುದು ಕಟ್ಟು ಹಾಕಿಸಿಕೊಂಡು ಬಂದವರಲ್ಲಿಯೂ ಕೆಲವರಿಗೆ ತಿಳಿದಿಲ್ಲ.) ಇವರೆಲ್ಲರ ವಿಷಯದಲ್ಲಿ ನಾವು ಕೇಳುವ ಪ್ರಶ್ನೆ ಒಂದೇ: "ಅವರ ಕೈಗುಣ ಹೇಗೆ?" ಕೈರೋಪ್ರಾಕ್ಟರರ ಬಗೆಗೂ ಜನ ಈಗ ಕೇಳುತ್ತಿರುವುದು ಅದನ್ನೇ. ನಮ್ಮ ತಕರಾರು ಇರುವುದು ಈ ಪ್ರಶ್ನೆಯ ಮೇಲೆ. ಮೊದಲು ಕೇಳಬೇಕಾದದ್ದು "ನನಗೆ ಆಗಿರುವುದೇನು?" ಎಂದು. ಕಾಫಿ ಗಿಡ ಹಳದಿಯಾಗಿ ಸೊರಗಿದರೆ ಅದು ಗೊಬ್ಬರದ ಕೊರತೆಯೋ ಬಿಳಿ ಕಾಂಡಕೊರಕದ ಬಾಧೆಯೋ ಎಂದು ಕಾಂಡವನ್ನು ಪರೀಕ್ಷಿಸಿ ನೋಡದೆ ಯೂರಿಯಾ ಸುರಿಯುವವನನ್ನು ನಾವು ಬೆಳೆಗಾರನೆನ್ನುವುದಿಲ್ಲ. ನಮ್ಮ ಮೈಯ ವಿಷಯದಲ್ಲಿ ಮಾತ್ರ ಹಾಗೆ ಸುರಿಯಲು ಸಿದ್ಧರಿದ್ದೇವೆ.

ಈ ಪದ್ಧತಿ ಹುಟ್ಟಿದ್ದು ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಎಂಬ ಊರಿನಲ್ಲಿ, 1895ರಲ್ಲಿ. ಡಿ. ಡಿ. ಪಾಮರ್ ಎಂಬಾತ ಕಿವಿ ಕೇಳದ ಹಾರ್ವೆ ಲಿಲರ್ಡ್ ಎಂಬ ಕೆಲಸಗಾರನ ಬೆನ್ನುಮೂಳೆಯನ್ನು ಅದುಮಿ ಕಿವಿ ಕೇಳುವಂತೆ ಮಾಡಿದೆನೆಂದು ಹೇಳಿಕೊಂಡ. ಬಹುಪಾಲು ರೋಗಗಳಿಗೆ ಬೆನ್ನುಮೂಳೆ ಜರುಗಿರುವುದೇ ಕಾರಣವೆಂಬುದು ಅವನ ವಾದ. ಆ ವಾದವನ್ನು ವೈದ್ಯವಿಜ್ಞಾನ ಒಪ್ಪಲಿಲ್ಲ. ಆದರೂ ವೃತ್ತಿ ಬೆಳೆಯಿತು. ಅಮೆರಿಕದ ಕಾನ್ಸಾಸ್ ರಾಜ್ಯ 1913ರಲ್ಲಿ ಇದಕ್ಕೊಂದು ಕಾನೂನು ಮಾಡಿತು. ಬ್ರಿಟನ್ನಿನಲ್ಲಿ 1994ರ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದವರು ಕೈರೋಪ್ರಾಕ್ಟರ್ ಎಂಬ ಹೆಸರಿಟ್ಟುಕೊಳ್ಳುವಂತಿಲ್ಲ. ಆ ದೇಶಗಳಲ್ಲಿ ವರ್ಷಗಟ್ಟಲೆ ಕಾಲೇಜಿನಲ್ಲಿ ಓದಿ, ಪರೀಕ್ಷೆ ಪಾಸು ಮಾಡಿಯೇ ಈ ಕೆಲಸಕ್ಕೆ ಇಳಿಯಬೇಕು.

ನಮ್ಮ ದೇಶದ ಸ್ಥಿತಿ ಬೇರೆ. ಎಂ.ಬಿ.ಬಿ.ಎಸ್. ವೈದ್ಯರಿಗೆ ನೋಂದಣಿಯುಂಟು, ಆಯುರ್ವೇದ, ಹೋಮಿಯೋಪಥಿಯವರಿಗೂ ಉಂಟು, ಫಿಸಿಯೋಥೆರಪಿಯನ್ನು 2021ರ ಕೇಂದ್ರ ಕಾಯ್ದೆಯೊಂದರ ವ್ಯಾಪ್ತಿಗೆ ತರಲಾಗಿದೆ. ಕೈರೋಪ್ರಾಕ್ಟಿಕ್‌ಗೆಂದೇ ಇರುವ ಪ್ರತ್ಯೇಕ ಶಾಸನ ಮಾತ್ರ ಇಲ್ಲ. ಆಯುಷ್ ಪದ್ಧತಿಗಳ ಪಟ್ಟಿಯಲ್ಲಿಯೂ ಅದು ಸೇರಿಲ್ಲ. ಎಂದರೆ, ವಿದೇಶದಲ್ಲಿ ಕ್ರಮವಾಗಿ ಓದಿ ಬಂದವರ ಬಾಗಿಲ ಮೇಲೂ, ಕೆಲವು ದಿನಗಳ ಶಿಬಿರ ಮುಗಿಸಿ ಬಂದವರ ಬಾಗಿಲ ಮೇಲೂ ಒಂದೇ ಬಗೆಯ ಬೋರ್ಡು ತೂಗಬಹುದು. ಆದ್ದರಿಂದ ಹೆಸರಿನ ಹಿಂದಿರುವ 'ಡಾ.' ನೋಡಿ ಒಳಗೆ ಹೋಗಬೇಡಿ. ಎಲ್ಲಿ ಓದಿದಿರಿ, ಎಷ್ಟು ವರ್ಷ ಓದಿದಿರಿ, ಯಾವ ಮಂಡಳಿಯಲ್ಲಿ ನೋಂದಣಿ ಇದೆ ಎಂದು ಕೇಳಿ. ಸಾವಿರ ರೂಪಾಯಿಯ ಪಂಪ್‌ಸೆಟ್ ಬಿಡಿಭಾಗಕ್ಕೆ ಗ್ಯಾರಂಟಿ ಕಾರ್ಡು ಕೇಳುವ ನಮಗೆ ಇಲ್ಲಿ ಸಂಕೋಚವೇಕೆ?

ಹಾಗಾದರೆ ಇದೆಲ್ಲ ಬರಿಯ ಮೋಸವೇ ಎಂದು ಕೇಳಬಹುದು. ಅಲ್ಲ. ಮೂರು ತಿಂಗಳಿಗೂ ಮೀರಿದ ಸೊಂಟನೋವಿಗೆ ಏನು ಮಾಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ವ್ಯಾಯಾಮ, ತಿಳಿವಳಿಕೆ ಮೊದಲಾದವುಗಳ ಜೊತೆಗೆ ಕೈಯಿಂದ ಬೆನ್ನುಮೂಳೆಯನ್ನು ಸಡಿಲಿಸುವ ಚಿಕಿತ್ಸೆಗೂ ಸ್ಥಾನವಿದೆ. ನಮ್ಮಲ್ಲಿ ಬಹಳ ಮಂದಿ ನಂಬಿರುವ ಸೊಂಟದ ಪಟ್ಟಿಯನ್ನೂ, ಭಾರ ಕಟ್ಟಿ ಎಳೆಯುವ ಟ್ರಾಕ್ಷನ್ನನ್ನೂ ಅದೇ ಮಾರ್ಗಸೂಚಿ ವಾಡಿಕೆಯಾಗಿ ಕೊಡಬಾರದೆನ್ನುತ್ತದೆ! ಆದರೆ ಕೈಚಿಕಿತ್ಸೆಯ ಲಾಭ ಸಾಧಾರಣವಾದದ್ದು. ಒಳ್ಳೆಯ ವ್ಯಾಯಾಮದಿಂದ ಸಿಗುವುದಕ್ಕಿಂತ ಬಹಳ ಹೆಚ್ಚೇನಲ್ಲ. ಹೊಸದಾಗಿ ಹಿಡಿದ ಸೊಂಟವಂತೂ ಹೆಚ್ಚಿನವರಲ್ಲಿ, ಯಾರು ಮುಟ್ಟಿದರೂ ಮುಟ್ಟದಿದ್ದರೂ, ಕೆಲವು ವಾರಗಳಲ್ಲಿ ತಾನೇ ಹಗುರಾಗುತ್ತದೆ. ಕೈಗುಣದ ಕೀರ್ತಿಯಲ್ಲಿ ಒಂದು ಪಾಲು ಕಾಲನಿಗೆ ಸಲ್ಲಬೇಕು.

ಇನ್ನು ಆ ಸದ್ದು. ಜರುಗಿದ ಮೂಳೆ ಜಾಗಕ್ಕೆ ಕೂತ ಸದ್ದು ಅದೆಂದು ಎಲ್ಲರೂ ತಿಳಿದಿದ್ದಾರೆ. ಅದು ಬೆರಳ ಲಟಿಕೆ ಮುರಿದಾಗ ಬರುವ ಸದ್ದೇ. ಕೀಲಿನೊಳಗಿನ ದ್ರವದಲ್ಲಿ ಗಾಳಿಗುಳ್ಳೆ ಉಂಟಾಗುವುದರಿಂದ ಬರುತ್ತದೆ. ಸದ್ದು ಬಂದರೆ ಗುಣ, ಬಾರದಿದ್ದರೆ ದುಡ್ಡು ದಂಡ ಎಂದೇನಿಲ್ಲ.

ಆದರೆ ಬೆನ್ನುನೋವೆಲ್ಲ ಉಳುಕಲ್ಲ ಎಂಬುದು ಮುಖ್ಯ. ಬೆನ್ನುಮೂಳೆಗೆ ಕ್ಷಯ ತಗುಲಿದರೂ ಬೆನ್ನು ನೋಯುತ್ತದೆ. ಬೇರೆಡೆಯ ಕ್ಯಾನ್ಸರ್ ಅಲ್ಲಿಗೆ ಹರಡಿದರೂ ನೋಯುತ್ತದೆ. ಅಂಥ ಮೂಳೆಯ ಮೇಲೆ ಬಲ ಪ್ರಯೋಗಿಸಿದರೆ ಅದು ಕುಸಿಯಬಹುದು. ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ಇಳಿಯುವ ತೂಕ, ಮಲಗಿದರೂ ಬಿಡದ ನೋವು ಇದ್ದರೆ ಮೊದಲು ಆಸ್ಪತ್ರೆ. ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾಗಿರುವ ಹೆಂಗಸರು, ಆಸ್ತಮಾಕ್ಕೋ ಕೀಲುಬೇನೆಗೋ ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದವರು, ಹೃದಯದ ಚಿಕಿತ್ಸೆಯ ನಂತರ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವವರು ತಮ್ಮ ವೈದ್ಯರನ್ನು ಕೇಳದೆ ಯಾರ ಕೈಗೂ ಬೆನ್ನು ಕೊಡಬಾರದು. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದು ಜೋಮು ಹಿಡಿದರೆ, ಪಾದ ಎತ್ತಲಾಗದೆ ಎಳೆದು ನಡೆಯುವಂತಾದರೆ ನಾಳೆ ನೋಡೋಣವೆಂದೂ ಕೂರಬಾರದು. ಅದು ನರಗಳ ಗೊಂಚಲು ಅದುಮಿಹೋಗಿರುವ ಲಕ್ಷಣವಿರಬಹುದು. ತಡವಾದರೆ ಶಸ್ತ್ರಚಿಕಿತ್ಸೆಯಿಂದಲೂ ಪೂರ್ತಿ ಸರಿಹೋಗದಿರಬಹುದು.

ಕುತ್ತಿಗೆಯ ವಿಷಯದಲ್ಲಿ ನಮ್ಮದು ಇನ್ನೂ ಕಟ್ಟುನಿಟ್ಟಿನ ಅಭಿಪ್ರಾಯ. ಮಿದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕುತ್ತಿಗೆಯ ಮೂಳೆಗಳ ರಂಧ್ರಗಳ ಮೂಲಕವೇ ಹಾದುಹೋಗುತ್ತವೆ, ಇನ್ನೆರಡು ಮುಂಭಾಗದಲ್ಲಿವೆ. ಥಟ್ಟನೆ ತಿರುವಿದಾಗ ನಾಳದ ಒಳಪದರ ಹರಿದು, ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಹೊಡೆದ ಪ್ರಸಂಗಗಳು ವರದಿಯಾಗಿವೆ. ಅಪರೂಪವೆಂಬುದು ನಿಜ, ಆದರೆ ಆದವನಿಗೆ ಅಪರೂಪದಿಂದ ಏನು ಸಮಾಧಾನ? 2024ರಲ್ಲಿ ಬಳ್ಳಾರಿಯ ಯುವಕನೊಬ್ಬನಿಗೆ ಕ್ಷೌರದಂಗಡಿಯಲ್ಲಿ ತಲೆ ತಿಕ್ಕಿಸಿಕೊಂಡು ಕುತ್ತಿಗೆ ತಿರುವಿಸಿಕೊಂಡ ಮೇಲೆ ಹೀಗೆಯೇ ಆದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಸೊಂಟಕ್ಕೆ ಚಿಕಿತ್ಸೆ ಪಡೆಯಲು ಹೋದವರು "ಕುತ್ತಿಗೆ ಮುಟ್ಟಬೇಡಿ" ಎಂದು ಮೊದಲೇ ಹೇಳಬಹುದು. ಅದು ರೋಗಿಯ ಹಕ್ಕು. ಹಿಂದೆಂದೂ ಕಾಣದಂಥ ಕುತ್ತಿಗೆನೋವು ತಲೆಸುತ್ತು, ತಲೆಶೂಲೆಗಳ ಜೊತೆಗೆ ಒಮ್ಮೆಲೇ ಬಂದಿದ್ದರೆ ಅಲ್ಲಿಗೆ ಹೋಗಲೇಬಾರದು.

ಸರಿಯಾದ ವೃತ್ತಿಪರನಾದರೆ ಮೊದಲ ಭೇಟಿಯಲ್ಲಿ ಹೆಚ್ಚು ಹೊತ್ತು ಕಳೆಯುವುದು ಪ್ರಶ್ನೆ ಕೇಳುವುದರಲ್ಲಿ. ಬಿದ್ದದ್ದುಂಟೇ, ಯಾವ ಮಾತ್ರೆ, ಯಾವ ಕಾಯಿಲೆ ಎಂದು ವಿಚಾರಿಸಿ, ಕಾಲೆತ್ತಿಸಿ, ಮೊಣಕಾಲಿಗೆ ಸಣ್ಣ ಸುತ್ತಿಗೆ ತಟ್ಟಿ ನೋಡಿ, ಏನು ಮಾಡುವೆನೆಂದು ತಿಳಿಸಿ, ನಿಮ್ಮ ಒಪ್ಪಿಗೆ ಪಡೆದೇ ಕೈಹಾಕುತ್ತಾರೆ. ಹಳೆಯ ಎಕ್ಸ್‌ರೇ, ಮಾತ್ರೆಚೀಟಿಗಳನ್ನು ಒಯ್ಯಿರಿ. ಒಂದೆರಡು ದಿನ ಮೈಕೈ ನೋಯಬಹುದು, ಅದು ಸಹಜ. ಕೇಳದೆ ಕೇಳಿಸದೆ ನೇರ ಮೇಜಿಗೆ ಕರೆದರೆ, ಸಕ್ಕರೆ ಕಾಯಿಲೆಯನ್ನೂ ರಕ್ತದೊತ್ತಡವನ್ನೂ ಬೆನ್ನು ಅದುಮಿಯೇ ವಾಸಿ ಮಾಡುತ್ತೇವೆಂದರೆ, ಮೂವತ್ತು ಸಲದ ಹಣವನ್ನು ಮುಂಗಡವಾಗಿ ಕಟ್ಟಿರೆಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಡುವುದೇ ಒಳ್ಳೆಯದು. ಅಡಿಕೆಗೆ ಧಾರಣೆ ಬಂದ ವರ್ಷ ನಮ್ಮವರು ಮುಂಗಡ ಕಟ್ಟುವುದರಲ್ಲಿ ಧಾರಾಳಿಗಳು ಎಂದು ಪೇಟೆಯವರಿಗೆ ಚೆನ್ನಾಗಿ ಗೊತ್ತಿದೆ.

ಬಿದ್ದವರ ವಿಷಯ ಇನ್ನೊಂದಿದೆ. ಮರದಿಂದ ಬಿದ್ದ ಕೊನೆಗಾರನನ್ನು ಇಬ್ಬರು ತೋಳು ಕಾಲು ಹಿಡಿದೆತ್ತಿ ಜೀಪಿನಲ್ಲಿ ಕೂರಿಸಿ ಉಳುಕು ತೆಗೆಯುವವರಲ್ಲಿಗೆ ಒಯ್ಯುವುದು ಇನ್ನೂ ನಿಂತಿಲ್ಲ. ಮೂಳೆ ಮುರಿದಿದ್ದು ಬೆನ್ನುಹುರಿ ಉಳಿದಿದ್ದರೆ, ಹಾಗೆ ಎತ್ತುವಾಗಲೇ ಅದು ಹೋಗಬಹುದು. ಅವನನ್ನು ಅಲ್ಲಾಡಿಸದೆ 108ಕ್ಕೆ ಕರೆ ಮಾಡಬೇಕು. ಗಾಡಿ ಬಾರದ ಜಾಗವಾದರೆ ತಲೆ, ಬೆನ್ನು, ಸೊಂಟ ಒಂದೇ ಗೆರೆಯಲ್ಲಿರುವಂತೆ ನಾಲ್ಕು ಜನ ಹಿಡಿದು ಹಲಗೆಯ ಮೇಲೆ ಮಲಗಿಸಿ ಒಯ್ಯಬೇಕು. ಆಸ್ಪತ್ರೆಯ ಖರ್ಚಿಗೆ ಹೆದರಿ ತೋಟದ ಯಜಮಾನರು ಮಾಡುವ ಉಳಿತಾಯಕ್ಕೆ ಆ ಕೂಲಿಯ ಮನೆಯವರು ಜೀವಮಾನವಿಡೀ ಬಡ್ಡಿ ಕಟ್ಟುತ್ತಾರೆ. ಕೊನೆಕೊಯ್ಲು ಶುರುವಾಗುವ ಮುನ್ನ ಸಂಘದ ಪ್ರತಿ ಗೋದಾಮಿನಲ್ಲಿಯೂ ಪಟ್ಟಿ ಸಹಿತವಾದ ಒಂದು ಹಲಗೆ ಇರಿಸಬೇಕೆಂದೂ, ವಾರ್ಷಿಕ ಸಭೆಯ ದಿನ ಊಟಕ್ಕೆ ಮೊದಲು ಫಿಸಿಯೋಥೆರಪಿ ತಿಳಿದವರೊಬ್ಬರಿಂದ ದೋಟಿ ಹಿಡಿಯುವವರಿಗೆ ಕುತ್ತಿಗೆ, ಬೆನ್ನಿನ ವ್ಯಾಯಾಮ ಹೇಳಿಸಬೇಕೆಂದೂ ಆಡಳಿತ ಮಂಡಳಿಯ ಮುಂದೆ ಸೂಚನೆ ಇಡಲಿದ್ದೇವೆ. ಅನುಮೋದಿಸುವವರು ಸಭೆಗೆ ಮೊದಲೇ ಕಛೇರಿಗೆ ತಿಳಿಸಬೇಕಾಗಿ ವಿನಂತಿ.