ಮಳೆಯ ಲೆಕ್ಕ, ಆಳಿನ ಲೆಕ್ಕ



2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಗುಡ್ಡದಿಂದಿಳಿದ ಕೆಸರುನೀರಿನಲ್ಲಿ ಕೊಚ್ಚಿಹೋದವು. ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಅನೇಕರ ದೇಹಗಳು ಚಾಲಿಯಾರ್ ಹೊಳೆಯಲ್ಲಿ ನಿಲಂಬೂರಿನವರೆಗೆ ತೇಲಿಹೋದವು. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿದರೆ ಸಿಗುವ ಸೀಮೆ ಅದು. ಅಲ್ಲಿ ತೋಟದ ಕೂಲಿಗೆ ಹೋಗಿ ನೆಲೆಸಿದ್ದ ನಮ್ಮ ಜಿಲ್ಲೆಯವರೂ ಸತ್ತವರಲ್ಲಿದ್ದರು. ಆದ್ದರಿಂದ ಇದು ಪರರಾಜ್ಯದ ಸುದ್ದಿಯಲ್ಲ.

ದೈವೇಚ್ಛೆಯೆಂದು ಕೈಚೆಲ್ಲುವುದು ಸರಿಯಲ್ಲ. ಆ ಭಾಗದಲ್ಲಿ ಎರಡೇ ದಿನದಲ್ಲಿ 500 ಮಿಲಿಮೀಟರಿಗೂ ಮೀರಿ ಮಳೆ ಸುರಿದಿತ್ತು. ಕಲ್ಪೆಟ್ಟದ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ಜಿಲ್ಲೆಯ ಮಳೆಮಾಪಕಗಳ ದಿನದಿನದ ಅಳತೆ ಒಟ್ಟುಗೂಡಿಸಿ, ಹಿಂದಿನ ದಿನವೇ ಎಚ್ಚರಿಕೆ ಕೊಟ್ಟಿತ್ತು. 2019ರಲ್ಲಿ ಪಕ್ಕದ ಪುತ್ತುಮಲದಲ್ಲಿ ಗುಡ್ಡ ಕುಸಿದು 17 ಜನ ಸತ್ತ ಪಾಠವೂ ಕಣ್ಣೆದುರಿಗಿತ್ತು. ಅಳತೆ ಇತ್ತು; ಆದರೆ ಅದು ಮಲಗಿದ್ದವರೆಲ್ಲರನ್ನೂ ಎಬ್ಬಿಸಲಿಲ್ಲ.

ಮಳೆಮಾಪಕ ನಮಗೆ ಹೊಸದಲ್ಲ. ಬಿಳಿಗಿರಿರಂಗನ ಬೆಟ್ಟದ ಕಾಫಿಯವರು ಹೂಮಳೆ ಎಷ್ಟು ಸೆಂಟು ಬಿತ್ತೆಂದು ತಪ್ಪದೆ ಬರೆದಿಡುತ್ತಾರೆ. ಹೂವು ಕಾಯಿಗಟ್ಟಿದ ಮೇಲೆ ಪುಸ್ತಕ ಮುಚ್ಚುವವರೇ ಹೆಚ್ಚು. ಫಸಲಿಗಾಗಿ ಅಳೆಯುವ ಮಳೆಯನ್ನು ಪ್ರಾಣಕ್ಕಾಗಿಯೂ ಅಳೆಯಬಾರದೇ?

ಬಯಲಿನ ಅಡಿಕೆಯವರೂ ‘ನಮಗೇನು’ ಎನ್ನುವಂತಿಲ್ಲ. ವಯನಾಡಿನ ಮಳೆಯೇ ಕಬಿನಿಯಾಗಿ ಬೀಚನಹಳ್ಳಿ ಅಣೆಕಟ್ಟನ್ನು ತುಂಬಿಸಿ, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. 2018 ಮತ್ತು 2019ರಲ್ಲಿ ಕಬಿನಿ, ಕನ್ನಂಬಾಡಿಗಳ ನೀರು ಒಟ್ಟಿಗೆ ಬಂದು ಕೊಳ್ಳೇಗಾಲದ ದಾಸನಪುರ, ಮುಳ್ಳೂರುಗಳನ್ನು ಸುತ್ತುವರಿದಿತ್ತು.

ಸಂಘದ ಮುಂದೆ ಎರಡು ಸಲಹೆಗಳನ್ನಿಡುತ್ತೇನೆ. ಮೊದಲನೆಯದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿದಿನ ಬೆಳಿಗ್ಗೆ ಸದಸ್ಯರು ಮಳೆಯ ಅಳತೆಯನ್ನು ಕಚೇರಿಗೆ ತಿಳಿಸಬೇಕು. ಕಚೇರಿ ಅದನ್ನು ಎಲ್ಲರಿಗೂ ಫೋನಿನಲ್ಲಿ ಮುಟ್ಟಿಸಬೇಕು. ಎರಡನೆಯದು, ತೋಟದಲ್ಲಿ ವಾಸವಿರುವ ಪ್ರತಿ ಆಳಿನ ಹೆಸರು, ಊರು, ನೆಂಟರ ಫೋನ್ ನಂಬರು ಸಂಘದ ಪುಸ್ತಕದಲ್ಲಿರಬೇಕು. ಹಳ್ಳದ ದಡದಲ್ಲಿರುವ ಆಳುಮನೆಗಳನ್ನು ಮೇಲಕ್ಕೆ ಸರಿಸಬೇಕು. ವಯನಾಡಿನಲ್ಲಿ ಸತ್ತವರ ಗುರುತಿಗೆ ಡಿ.ಎನ್.ಎ. ಪರೀಕ್ಷೆಯನ್ನೇ ನಂಬಬೇಕಾಯಿತೆಂಬುದನ್ನು ಮರೆಯಬಾರದು.

ಹೆಸರು ಬರೆಸಿದರೆ ಕಾನೂನಿನ ತೊಡಕು ಬಂದೀತೆಂಬ ಅಂಜಿಕೆ ಕೆಲವರಿಗಿರಬಹುದು. ಅಡಿಕೆಯ ಮೂಟೆ ಎಣಿಸಿ ಬರೆದಿಡುವ ನಾವು, ಅದನ್ನು ಕೊಯ್ದವರನ್ನು ಎಣಿಸಲು ಹಿಂಜರಿಯುವುದು ನ್ಯಾಯವಲ್ಲ. ಮುಂದಿನ ಸಭೆಯಲ್ಲಿ ಸದಸ್ಯರು ಈ ಬಗ್ಗೆ ತೀರ್ಮಾನ ಕೈಗೊಳ್ಳಬೇಕೆಂದು ಕೋರುತ್ತೇನೆ.

— ಕಾರ್ಯದರ್ಶಿ