ಬಿರುದಿನ ಹಿಂದೆ ಅಳತೆ ಇರಲಿ



ಶ್ರಾವಣದ ಪ್ರವಚನ ಮುಗಿಸಿ ಮಠದಲ್ಲಿ ಪ್ರಸಾದಕ್ಕೆ ಕುಳಿತಿದ್ದೆ. ರಾಯಬಾಗ ಕಡೆಯ ಪರಿಚಯದ ರೈತರೊಬ್ಬರ ಮಗಳು ಬಂದು, ಪ್ಲಾಸ್ಟಿಕ್ ಚೀಲದಿಂದ ಒಂದು ಪ್ರಮಾಣಪತ್ರ ತೆಗೆದು ನನ್ನ ಕೈಗಿತ್ತಳು. ಬಿ.ಎಸ್ಸಿ.ಗೆ ಸೇರಿ ಎರಡು ವರ್ಷ ಓದಿದ್ದ ಹುಡುಗಿ. ತಂದೆ ಹಾಸಿಗೆ ಹಿಡಿದರು, ಓದು ನಿಂತಿತು. ಆಗಿನ ಹೊಸ ಶಿಕ್ಷಣ ನೀತಿಯಂತೆ ಎರಡು ವರ್ಷ ಮುಗಿಸಿದವರಿಗೆ ಸಿಗುವ ‘ಡಿಪ್ಲೊಮಾ’ ಅವಳಿಗೆ ಸಿಕ್ಕಿತ್ತು. ಅದನ್ನು ಹಿಡಿದು ಒಂದು ಕಾರ್ಖಾನೆಯ ಪ್ರಯೋಗಾಲಯಕ್ಕೆ ಕೆಲಸ ಕೇಳಲು ಹೋಗಿದ್ದಳು.

“ಯಾವ ಪಾಲಿಟೆಕ್ನಿಕ್, ಯಾವ ಬ್ರ್ಯಾಂಚ್ ಅಂತ ಕೇಳಿದ್ರರೀ ಕಾಕಾ. ಪಾಲಿಟೆಕ್ನಿಕ್ ಅಲ್ರೀ, ಬಿ.ಎಸ್ಸಿ. ಅಂದೆ. ಹಂಗಾದ್ರ ಡಿಗ್ರಿ ತೋರಸು ಅಂದ್ರು. ಅದೂ ಇಲ್ಲ. ನಾ ಏನ್ ಓದೀನಿ ಅಂತ ಹೇಳ್ಬೇಕ್ರೀ?”

ಮೂವತ್ತಕ್ಕೂ ಹೆಚ್ಚು ವರ್ಷ ಸರಕಾರಿ ಇಂಜಿನಿಯರ್ ಆಗಿದ್ದವನಿಗೆ ಅವಳ ಪ್ರಶ್ನೆಗೆ ಉತ್ತರ ಕೊಡಲು ಆಗಲಿಲ್ಲ. ಆ ಸಂಕೋಚವೇ ಈ ಲೇಖನಕ್ಕೆ ಕಾರಣ.

ನಮ್ಮ ವೃತ್ತಿಯಲ್ಲಿ ಹೆಸರೆಂದರೆ ಅಳತೆ. ಎಂ-20 ಕಾಂಕ್ರೀಟ್ ಎಂದರೆ 28 ದಿನಕ್ಕೆ ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡ ತಡೆಯಲೇಬೇಕು. ಗುತ್ತಿಗೆದಾರ ಯಾರ ಅಳಿಯನೇ ಆಗಿರಲಿ, ಕ್ಯೂಬ್ ಒಡೆದು ನೋಡಿದ ಮೇಲೆಯೇ ಬಿಲ್ಲು. ಚಿಕ್ಕೋಡಿಯ ಎಂ-20ಗೂ ಚೆನ್ನೈನ ಎಂ-20ಗೂ ವ್ಯತ್ಯಾಸವಿಲ್ಲ. ಹೆಸರು ಓದಿದವನಿಗೆ ಒಳಗಿರುವ ಬಲ ತಿಳಿಯುತ್ತದೆ.

‘ಡಿಪ್ಲೊಮಾ’ ಎಂಬ ಹೆಸರಿನಿಂದ ಏನು ತಿಳಿಯುತ್ತದೆ? ಪಾಲಿಟೆಕ್ನಿಕ್‌ನಲ್ಲಿ ಅದು ಎಸ್ಸೆಸ್ಸೆಲ್ಸಿ ಮೇಲೆ ಮೂರು ವರ್ಷದ ಓದು. ಯುಜಿಸಿಯ ಸಮುದಾಯ ಕಾಲೇಜು ಯೋಜನೆಯಲ್ಲಿ ಪಿಯುಸಿ ಮೇಲೆ ಒಂದು ವರ್ಷ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಪದವಿಯ ಎರಡು ವರ್ಷ. ಪೇಟೆಯ ಕಂಪ್ಯೂಟರ್ ಕ್ಲಾಸಿನಲ್ಲಿ ಆರು ತಿಂಗಳು! ನಾಲ್ಕು ಬೇರೆ ಬೇರೆ ಮಾಲಿಗೆ ಒಂದೇ ಚೀಟಿ ಅಂಟಿಸಿದರೆ ಕೊಳ್ಳುವವನು ಅತಿ ಕಡಿಮೆಯದನ್ನೇ ಲೆಕ್ಕಕ್ಕೆ ಹಿಡಿಯುತ್ತಾನೆ. ನಷ್ಟ ಮಾತ್ರ ಪ್ರಾಮಾಣಿಕವಾಗಿ ಓದಿದ ಮಕ್ಕಳಿಗೆ.

ಈ ಗೊಂದಲವನ್ನು ಬಿಡಿಸುವ ಪ್ರಯತ್ನ ನಡೆದೇ ಇಲ್ಲ ಎಂದಲ್ಲ. ಇಗ್ನೋ 2009ರಲ್ಲಿ ಸಮುದಾಯ ಕಾಲೇಜುಗಳ ಮೂಲಕ ಎರಡು ವರ್ಷದ ‘ಅಸೋಸಿಯೇಟ್ ಡಿಗ್ರಿ’ ಆರಂಭಿಸಿತು. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತುಹೋಯಿತು. ಆಮೇಲೆ ಯುಜಿಸಿ ತನ್ನ ಸಮುದಾಯ ಕಾಲೇಜು ಯೋಜನೆ ತಂದಿತು. ಒಂದು ವರ್ಷಕ್ಕೆ 60 ಕ್ರೆಡಿಟ್‌ನ ಡಿಪ್ಲೊಮಾ, ಎರಡು ವರ್ಷಕ್ಕೆ 120 ಕ್ರೆಡಿಟ್‌ನ ಅಡ್ವಾನ್ಸ್ಡ್ ಡಿಪ್ಲೊಮಾ, ಮೂರು ವರ್ಷಕ್ಕೆ ಬಿ.ವೋಕ್. ಓದಿನಲ್ಲಿ ಶೇ. 60 ಕೌಶಲ, ಶೇ. 40 ಸಾಮಾನ್ಯ ಶಿಕ್ಷಣ. ಕಾಗದದ ಮೇಲೆ ಚೊಕ್ಕ ಅಳತೆ. ಕರ್ನಾಟಕ 2021ರಲ್ಲಿ ರಾಷ್ಟ್ರೀಯ ನೀತಿಯನ್ನು ಮೊದಲಿಗನಾಗಿ ಜಾರಿಗೆ ತಂದಿತು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಯಾವುದು ಸರಿ ಎಂಬ ರಾಜಕೀಯ ಚರ್ಚೆ ನನಗೆ ಬೇಡ. ನಡುವೆ ಓದಿ ನಡುವೆಯೇ ಬಿಟ್ಟ ಮಕ್ಕಳ ಕೈಯ ಕಾಗದಕ್ಕೆ ಯಾರು ಹೊಣೆ ಎಂಬುದಷ್ಟೇ ನನ್ನ ಪ್ರಶ್ನೆ.

ಅಮೆರಿಕದ ಸಮುದಾಯ ಕಾಲೇಜುಗಳಲ್ಲಿ ಎರಡು ವರ್ಷದ, ಸಾಮಾನ್ಯವಾಗಿ 60 ಕ್ರೆಡಿಟ್‌ನ ಅಸೋಸಿಯೇಟ್ ಡಿಗ್ರಿ ನೂರು ವರ್ಷಕ್ಕೂ ಹಳೆಯದು. ಅಲ್ಲಿ ಕಲೆ, ವಿಜ್ಞಾನಗಳ ಅಸೋಸಿಯೇಟ್ ಬೇರೆ, ‘ಅನ್ವಯಿಕ ವಿಜ್ಞಾನ’ದ ಅಸೋಸಿಯೇಟ್ ಬೇರೆ. ಮೊದಲನೆಯದು ಮುಂದೆ ಪದವಿಗೆ ಹೋಗುವವರಿಗೆ, ಎರಡನೆಯದು ಮುಖ್ಯವಾಗಿ ನೇರ ಕೆಲಸಕ್ಕೆ ಇಳಿಯುವವರಿಗೆ. ಮಗು ಯಾವ ದಾರಿಯಲ್ಲಿದೆ ಎಂದು ಹೆಸರೇ ಹೇಳುತ್ತದೆ. ನಾವು ಕಲಿಯಬೇಕಾದ್ದು ಇಷ್ಟು.

ದೂರವೇಕೆ, ನಮ್ಮ ಅಥಣಿಯ ಚಪ್ಪಲಿಯನ್ನೇ ನೋಡಿ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಬೆಳಗಾವಿ ಸೇರಿ ನಮ್ಮ ನಾಲ್ಕು ಜಿಲ್ಲೆ ಅದರ ವ್ಯಾಪ್ತಿಯಲ್ಲಿವೆ. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಅದನ್ನೇ ಹೋಲುವ ಚಪ್ಪಲಿ ಪ್ರದರ್ಶಿಸಿದಾಗ ನಮ್ಮವರು ‘ಇದು ನಮ್ಮದು’ ಎಂದು ದನಿ ಎತ್ತಿದರು, ಕಂಪನಿ ಮೂಲವನ್ನು ಒಪ್ಪಿಕೊಳ್ಳಬೇಕಾಯಿತು. ಚಪ್ಪಲಿಯ ಹೆಸರಿಗೆ ಇಂಥ ರಕ್ಷಣೆ ಇದೆ. ಆ ಚಪ್ಪಲಿ ಹೊಲಿಯುವವರ ಮಗ ಚರ್ಮ ತಂತ್ರಜ್ಞಾನದಲ್ಲಿ ಎರಡು ವರ್ಷ ಓದಿದರೆ ಅವನ ಬಿರುದಿಗೆ ಎಲ್ಲಿದೆ?

“ಶರಣರಿಗೆ ಯಾವ ಬಿರುದಿತ್ತು? ಕಾಯಕ ಸಾಲದೇ?” ಎಂದು ಕೆಲವರು ಕೇಳಬಹುದು. ಒಪ್ಪುತ್ತೇನೆ. ಸಮಗಾರ ಹರಳಯ್ಯನವರಿಗೆ ಯಾರೂ ಪ್ರಮಾಣಪತ್ರ ಕೊಟ್ಟಿರಲಿಲ್ಲ. ಆದರೆ ಕಾಯಕಕ್ಕೆ ಹುಟ್ಟಿನಿಂದ ಬಂದ ಬೆಲೆಯನ್ನು ಕಿತ್ತೊಗೆದು, ಕಾಯಕದ ಶುದ್ಧಿಯನ್ನೇ ಅಳತೆಗೋಲು ಮಾಡಿದವರು ಶರಣರು. ಅಳತೆ ಇಲ್ಲದ ಕಡೆ ಮತ್ತೆ ಕುಲ, ವಶೀಲಿ, ದುಡ್ಡು ಒಳನುಗ್ಗುತ್ತವೆ. ಬಡವರ ಮಗಳಿಗೆ ಬಿರುದಿನ ಬೆಲೆಯೇ ವಶೀಲಿ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಎರಡು ವರ್ಷದ ಬಿರುದಿಗೆ ಚಂದದ ಹೆಸರಿಟ್ಟರೆ ಹಳ್ಳಿಯ ಹೆಣ್ಣುಮಕ್ಕಳನ್ನು ಅಲ್ಲಿಗೇ ನಿಲ್ಲಿಸಿ ಮದುವೆ ಮಾಡಿ ಕಳಿಸುವುದಿಲ್ಲವೇ? ಈ ಭಯ ನನಗೂ ಇದೆ. ಅದಕ್ಕೇ ಹೇಳುತ್ತೇನೆ, ಈ ಬಿರುದು ಮೆಟ್ಟಿಲಾಗಿರಬೇಕು, ಗೋಡೆಯಾಗಬಾರದು. ಪಾಲಿಟೆಕ್ನಿಕ್ ಮುಗಿಸಿದವರು ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರ ಸೇರುವ ಹಾಗೆ, ಇವರಿಗೂ ಪದವಿಯ ಮೂರನೇ ವರ್ಷದ ಬಾಗಿಲು ಯಾವಾಗ ಬಂದರೂ ತೆರೆದಿರಬೇಕು.

ನನ್ನ ಬೇಡಿಕೆಗಳು ನಾಲ್ಕು. ಒಂದು, ‘ಡಿಪ್ಲೊಮಾ’ ಎಂಬ ಹೆಸರನ್ನು ಪಾಲಿಟೆಕ್ನಿಕ್‌ಗೆ ಬಿಟ್ಟು, ಪಿಯುಸಿ ಮೇಲಿನ ಎರಡು ವರ್ಷದ ಓದಿಗೆ ‘ಸಹಪದವಿ’ ಎಂದೋ ಮತ್ತೊಂದೋ, ಬೇರೆಯದೇ ಆದ ಹೆಸರಿಡಲಿ. ಎರಡು, ಸರಕಾರದ ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ ಆ ಹೆಸರು ಅಚ್ಚಾಗಲಿ. ಜೆಒಸಿ ಓದಿದವರು ‘ಪಿಯುಸಿಗೆ ಸಮಾನ’ ಎಂಬ ಸಾಲಿಗಾಗಿ ಅಧಿಸೂಚನೆ ಹುಡುಕುತ್ತಿದ್ದುದನ್ನು ನಾವು ಮರೆತಿಲ್ಲ. ಮೂರು, ಪರೀಕ್ಷೆಗೆ ಹೊರಗಿನ ಪರೀಕ್ಷಕರಿರಲಿ, ಕಲಿಸಿದವರೇ ಕ್ಯೂಬ್ ಒಡೆಯುವುದು ಬೇಡ. ನಾಲ್ಕು, ನಮ್ಮ ಮಕ್ಕಳು ಕೆಲಸಕ್ಕೆ ಮಿರಜ, ಸಾಂಗಲಿ, ಇಚಲಕರಂಜಿ, ಕೊಲ್ಹಾಪುರಕ್ಕೆ ಹೋಗುವವರು. ಗಡಿಯಾಚೆಗೂ ಓದಿ ತಿಳಿಯುವಂತೆ ಪ್ರಮಾಣಪತ್ರದ ಮೇಲೆ ವರ್ಷ, ಕ್ರೆಡಿಟ್, ಕೈಯಾರೆ ಮಾಡಿದ ಕೆಲಸದ ಗಂಟೆ ಮೂರನ್ನೂ ಬರೆಯಲಿ.

ನಾಲ್ಕನೆಯದಕ್ಕೆ ಸರಕಾರದ ಆದೇಶಕ್ಕಾಗಿ ಕಾಯಬೇಕಿಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೆ.ಎಲ್.ಇ. ಸಂಸ್ಥೆ ಕಟ್ಟಿದಾಗ ಯಾರ ದಾರಿ ಕಾದಿದ್ದರು? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ತಾಲ್ಲೂಕುಗಳಲ್ಲಿ ಕಬ್ಬಿದೆ, ಸುತ್ತಲೂ ಸಕ್ಕರೆ ಕಾರ್ಖಾನೆಗಳಿವೆ. ನಮ್ಮ ಮಠಗಳ, ಸಂಘಗಳ ಕಾಲೇಜುಗಳಿವೆ. ಪ್ರಾಂಶುಪಾಲರನ್ನೂ ಕಾರ್ಖಾನೆಯ ಮುಖ್ಯ ರಸಾಯನಶಾಸ್ತ್ರಜ್ಞರನ್ನೂ ಪೂಜ್ಯರು ಒಂದು ದಿನ ಒಂದೇ ಪಂಕ್ತಿಯಲ್ಲಿ ಪ್ರಸಾದಕ್ಕೆ ಕೂರಿಸಲಿ. ಎರಡು ವರ್ಷ ಓದಿದ ಹುಡುಗಿಗೆ ರಸದ ಬ್ರಿಕ್ಸ್ ಅಳೆಯಲು ಬರಬೇಕೇ, ಬಾರದೇ ಎಂಬುದನ್ನು ಅವರೇ ಕುಳಿತು ಬರೆಯಲಿ.

ಆ ಹುಡುಗಿಯ ಪ್ರಮಾಣಪತ್ರದ ಜೆರಾಕ್ಸ್ ನನ್ನ ಮೇಜಿನ ಮೇಲಿದೆ. ಅದಕ್ಕೆ ಒಂದು ಹಾಳೆ ಲಗತ್ತಿಸಿ, ಅವಳು ಓದಿದ ವಿಷಯ, ಮಾಡಿದ ಪ್ರಯೋಗಗಳ ಪಟ್ಟಿಯನ್ನು ಅವಳ ಕಾಲೇಜಿನಿಂದ ಸಹಿ ಮಾಡಿಸಿ ಕೊಡಿಸುವ ಓಡಾಟದಲ್ಲಿದ್ದೇನೆ. ಒಬ್ಬಳಿಗೆ ಹೀಗೆ ಮಾಡಬಹುದು. ಐದು ತಾಲ್ಲೂಕಿಗೆ ಸಮಾಜವೇ ಮಾಡಬೇಕು.