ಲಕ್ಷ್ಮೇಶ್ವರದ ಒತ್ತು ಕತ್ತರಿಸಬ್ಯಾಡ್ರಿ

ಫ್ಲಟರ್ರೋ, ರಿಯಾಕ್ಟ್ ನೇಟಿವ್ವೋ? ಬೆಂಗಳೂರಿನ ಯಾವ ಸಾಫ್ಟ್‌ವೇರ್ ಆಫೀಸಿನ ಕ್ಯಾಂಟೀನಿಗೆ ಹೋದ್ರೂ ಈ ಜಗಳ ಇದ್ದದ್ದೇ. ಹಾಟ್ ರಿಲೋಡ್ ಎಷ್ಟು ಬೇಗ, ಡಾರ್ಟ್ ಕಲಿಯೋದು ಸುಲಭವೋ, ಜಾವಾಸ್ಕ್ರಿಪ್ಟ್ ಹುಡುಗರು ಸಿಗ್ತಾರೋ – ಎರಡೂ ಕಡೆಯವರದು ತಮ್ಮ ಅನುಕೂಲದ ಲೆಕ್ಕವೇ. ಬಳಸುವವರ ಕೈಯಲ್ಲಿ ಎಂಥ ಫೋನಿದೆ ಅಂತ ಯಾರೂ ಕೇಳೋದಿಲ್ಲ.

ನನ್ನದೊಂದು ಸಣ್ಣ ಪರೀಕ್ಷೆ ಐತ್ರಿ. ಆ್ಯಪಿನ ಬಟನ್ ಮೇಲೆ ನಮ್ಮ ಜಿಲ್ಲೆಯ ಊರುಗಳ ಹೆಸರು ಬರೀರಿ. ಗದಗ, ಬೆಟಗೇರಿ, ಮುಂಡರಗಿ: ಎಲ್ಲ ಟೂಲೂ ಪಾಸು. ಶಿರಹಟ್ಟಿಯಲ್ಲಿ ಒಂದು ಒತ್ತು ಬಂತು. ಈಗ ಲಕ್ಷ್ಮೇಶ್ವರ ಬರೀರಿ. ಕಕಾರಕ್ಕೆ ಷ ಒತ್ತು, ಅದಕ್ಕೆ ಮ ಒತ್ತು, ಮ್ಯಾಲೆ ಏತ್ವ, ದೀರ್ಘ. ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರ ನೋಡಿ ಬಿಗಿ ಮಾಡಿದ್ದರೆ ಒತ್ತು ಅರ್ಧಕ್ಕೆ ಕತ್ತರಿಸಿಹೋಗುತ್ತದೆ, ಇಲ್ಲವೇ ಕೆಳಗಿನ ಸಾಲಿನ ಮೇಲೆ ಬೀಳುತ್ತದೆ. ವಯಸ್ಸಾದವರು ಫೋನಿನ ಅಕ್ಷರ ದೊಡ್ಡದು ಮಾಡಿಕೊಂಡಿರ್ತಾರೆ, ಅಲ್ಲಿ ಇನ್ನೂ ಫಜೀತಿ. ಇದು ಫ್ಲಟರಿನ ತಪ್ಪೂ ಅಲ್ಲ, ರಿಯಾಕ್ಟ್ ನೇಟಿವ್‌ನ ತಪ್ಪೂ ಅಲ್ಲ. ಡಿಸೈನಿನಲ್ಲಿ ಒಮ್ಮೆಯೂ ಕನ್ನಡ ತುಂಬಿ ನೋಡದವರ ತಪ್ಪು. ಅನುವಾದವನ್ನು ಕೊನೇ ವಾರಕ್ಕೆ ತಳ್ಳಿದರೆ ಹಿಂಗೇ ಆಗೋದು.

ಟೂಲ್ ಮೇಲೆ ಇಷ್ಟು ಭಕ್ತಿ ಯಾಕೋ ನನಗಂತೂ ತಿಳಿಯದು. 2018ರಲ್ಲಿ ಏರ್‌ಬಿಎನ್‌ಬಿ ರಿಯಾಕ್ಟ್ ನೇಟಿವ್ ಬಿಡ್ತೀವಿ ಅಂತು. 2020ರಲ್ಲಿ ಅಡೋಬಿ ಫೋನ್‌ಗ್ಯಾಪ್ ಮುಚ್ಚಿತು. 2024ರ ಮೇನಲ್ಲಿ ಮೈಕ್ರೋಸಾಫ್ಟ್ ಝಾಮರಿನ್‌ಗೆ ಬೆಂಬಲ ನಿಲ್ಲಿಸಿತು. ಗದಗ ತಾಲೂಕಿನ ಕಣಗಿನಹಾಳದ ಸಹಕಾರ ಸಂಘ ಹುಟ್ಟಿದ್ದು 1905ರಲ್ಲಿ. ಅಂಥದೊಂದು ಸಂಘ ತನ್ನ ಸದಸ್ಯರಿಗೆ ಸಾಲದ ಬಾಕಿ ತೋರಿಸುವ ಆ್ಯಪ್ ಮಾಡಿಸಿತು ಅಂತಿಟ್ಕೊಳ್ರಿ. ನಾಲ್ಕೈದು ವರ್ಷಕ್ಕೊಮ್ಮೆ ಹೊಸದಾಗಿ ಬರೆಸೋಕೆ ಅವರು ಯಾರ ಹತ್ರ ರೊಕ್ಕ ಕೇಳಬೇಕು? ಅದಕ್ಕೇ ಬಡ್ಡಿ ಲೆಕ್ಕ, ದಾಖಲೆ ಎಲ್ಲ ಸರ್ವರಿನಲ್ಲಿರಲಿ, ಆ್ಯಪ್ ತೆಳ್ಳಗಿರಲಿ. ಕೊನೆಯ ಸಲ ಬಂದ ಬಾಕಿಯನ್ನು ತಾರೀಖು ಸಮೇತ ಫೋನಿನಲ್ಲೇ ಉಳಿಸಿಕೊಂಡರೆ ಹೊಲದಾಗ ನೆಟ್‌ವರ್ಕ್ ಇಲ್ಲದಿದ್ರೂ ಕಾಣುತ್ತದೆ. ಇದನ್ನು ಯಾವ ಟೂಲಿನಲ್ಲಾದರೂ ಮಾಡಬಹುದು.

ಆದರೂ ಒಂದು ಹೆಸರು ಹೇಳು ಅಂದ್ರೆ, ಫಾರ್ಮು, ಪಟ್ಟಿಗಳಷ್ಟೇ ಇರುವ ಇಂಥ ಕೆಲಸಕ್ಕೆ ನನ್ನ ವೋಟು ಫ್ಲಟರ್‌ಗೆ. ಪರದೆಯನ್ನು ತಾನೇ ಬಿಡಿಸುವುದರಿಂದ ಹಳೇ ಆಂಡ್ರಾಯ್ಡು, ಹೊಸದು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ. ಆದರೆ ಸುಮ್ಮನೆ ಬಿಲ್ಡ್ ಕೊಟ್ಟರೆ ಒಂದೇ ಎಪಿಕೆಯೊಳಗೆ ಮೂರು ನಮೂನೆ ಪ್ರೊಸೆಸರಿನ ಕೋಡು ಕೂತಿರುತ್ತದೆ. ಅದನ್ನೇ ವಾಟ್ಸಾಪಿನಲ್ಲಿ ಹಂಚಬ್ಯಾಡ್ರಿ. ಪ್ಲೇ ಸ್ಟೋರಿಗೆ ಬಂಡಲ್ ಹಾಕಿದರೆ ಆಯಾ ಫೋನಿಗೆ ಬೇಕಾದಷ್ಟೇ ಇಳಿಯುತ್ತದೆ.

ಇನ್ನು ‘ಎರಡೂ ಪ್ಲಾಟ್‌ಫಾರ್ಮ್ ಬೇಕೇ ಬೇಕು’ ಅನ್ನೋ ಹಟ. ಗೂಗಲ್‌ಗೆ ಒಮ್ಮೆ 25 ಡಾಲರ್ ಕಟ್ಟಿದರೆ ಮುಗೀತು. ಆ್ಯಪಲ್‌ಗೆ ವರ್ಷಾ 99 ಡಾಲರ್, ಮೇಲೆ ಒಂದು ಮ್ಯಾಕು, ಇಲ್ಲವೇ ಬಾಡಿಗೆಯ ಕ್ಲೌಡ್ ಬಿಲ್ಡು. ಆ ರೊಕ್ಕ ಹೋಗೋದು ಸದಸ್ಯರ ಗಂಟಿನಿಂದ. ಐಫೋನ್ ಇದ್ದ ನಾಲ್ಕು ಮಂದಿಗೆ ಬ್ರೌಸರಿನಲ್ಲೇ ಬಾಕಿ ತೋರಿಸ್ರಿ, ಸಾಕು.